ಆ ದೇಶದ ಗಡಿಯಾರ

ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಹೊಲಿಗೆ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿದ್ದ ಕೋಣೆಯಲ್ಲಿ ಅವಳು ಇಪ್ಪತ್ತಾರು ವರ್ಷ ಗಡಿಯಾರ ರಿಪೇರಿ ಮಾಡಿದಳು. ಮುಳ್ಳು ಸರಿಮಾಡುವವಳೆಂದೋ, ಮಾತು ಚುಚ್ಚುತ್ತದೆಂದೋ, ಊರಿಗೆಲ್ಲ ಮುಳ್ಳಕ್ಕ. ರಿಪೇರಿಯಾದದ್ದನ್ನು ಮೂರು ದಿನ ಕಣ್ಣೆದುರು ಇಟ್ಟುಕೊಂಡು ನೋಡದೆ ಯಾರ ಕೈಗೂ ಕೊಡುತ್ತಿರಲಿಲ್ಲ.

“ಅಕ್ಕಾ, ಎರಡು ನಿಮಿಷ ಹಿಂದೆ ಮುಂದೆ ಆದ್ರೆ ಯಾರ ಗಂಟು ಹೋಗುತ್ತೆ? ಕೊಟ್ಬಿಡಿ” ಎಂದು ಗಿರಾಕಿ ಗೋಗರೆದರೆ, “ತಪ್ಪು ಟೈಮ್ ತೋರಿಸೋಕೆ ಅದಕ್ಕೇ ಬರ್ತಿತ್ತಲ್ಲ, ನನ್ನ ಹತ್ರ ಯಾಕೆ ತಂದ್ರಿ?” ಎನ್ನುತ್ತಿದ್ದಳು.

ಅಂಗಡಿಯ ಹಿಂದಿನ ಕೋಣೆಯೇ ಮನೆ. ಅಲ್ಲಿ ತೀರಿಹೋದ ತಮ್ಮನ ಮಗಳು ಟಿಕ್ಕು ಇದ್ದಳು. ಹಸುಗೂಸಾಗಿದ್ದಾಗ ಕಿವಿಯ ಬಳಿ ವಾಚು ಹಿಡಿದರೆ ಅಳು ನಿಲ್ಲಿಸುತ್ತಿದ್ದಳೆಂದು ಆ ಹೆಸರು. ಸೊಂಟದ ಕೆಳಗೆ ಬಲವಿಲ್ಲದೆ ಗಾಲಿಕುರ್ಚಿಯಲ್ಲೇ ಬೆಳೆದವಳು. “ತರಗತಿ ಎಲ್ಲ ಮೇಲಿನ ಮಹಡಿಯಲ್ಲಿ, ಮೆಟ್ಟಿಲು ಬೇರೆ ಕಡಿದು” ಎಂದು ಶಾಲೆಯವರು ಕೈತೊಳೆದುಕೊಂಡಿದ್ದರು. ತಾಯಿ ಮುದುಕರ ಆರೈಕೆಯ ಕೆಲಸ ಹಿಡಿದು ದೂರದ ಚಳಿ ದೇಶಕ್ಕೆ ಹೋದ ಮೇಲೆ ಸಾಕುವುದೂ ಕಲಿಸುವುದೂ ಅತ್ತೆಯ ಪಾಲಿಗೇ ಬಂತು.

ಅತ್ತೆ ಓದಿದ್ದು ಏಳನೇ ಕ್ಲಾಸು. ನೆಟ್ಟಗೆ ಗೊತ್ತಿದ್ದದ್ದು ಗಡಿಯಾರವೊಂದೇ. ಗೋಡೆಗೆ ಎರಡು ಲೋಲಕದ ಗಡಿಯಾರ ಹಾಕಿದಳು. ಒಂದು ಇಲ್ಲಿಯದು, ಇನ್ನೊಂದು ಅಮ್ಮನ ದೇಶದ್ದು, ಮೂರೂವರೆ ಗಂಟೆ ಹಿಂದೆ.

“ಅಮ್ಮ ಈಗ ಏನ್ಮಾಡ್ತಿದ್ದಾಳೆ, ಹೇಳು.”

ಹುಡುಗಿ ಬೆರಳು ಮಡಚಿ ಕಳೆಯುತ್ತಿದ್ದಳು. “ಏಳು ಗಂಟೆ. ಬಸ್ಸಿಗೆ ಕಾಯ್ತಿದ್ದಾಳೆ.”

ಬಸ್ಸು ದಾಟುವ ಸೇತುವೆಯಿಂದ ಆ ದೇಶದ ನದಿಗಳು ಪಾಠಕ್ಕೆ ಬಂದವು. ಅಲ್ಲಿ ಇನ್ನೂ ಕತ್ತಲೇಕೆ ಎಂಬುದಕ್ಕೆ ಚೆಂಡೂ ಟಾರ್ಚೂ ಬಂದವು. ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕಿದ ಪುಸ್ತಕದಿಂದ ಅಲ್ಲಿಯ ಭಾಷೆಯ ಅಂಕಿಗಳನ್ನು ಇಬ್ಬರೂ ಒಟ್ಟಿಗೆ ಕಲಿತರು. ಹುಡುಗಿ ಮುಂದೆ ಓಡಿದಳು, ಅತ್ತೆ ಅಂಕಿಗಳಲ್ಲೇ ಉಳಿದಳು.

ಎಲೆ ಉದುರುವ ಕಾಲಕ್ಕೆ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಿಡುತ್ತಾರೆಂದು ತಾಯಿ ಬರೆದಳು.

“ಇಡೀ ದೇಶ ಒಟ್ಟಿಗೆ ಮುಳ್ಳು ತಿರುಗಿಸುತ್ತಾ?”

“ನನ್ನ ಒಂದು ಮಾತೂ ಕೇಳದೆ!” ಎಂದಳು ಅತ್ತೆ. ಗಂಟೆ ಹೊಡೆಯುವ ಹಳೆಯ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸಬಾರದು, ಒಳಗಿನ ಚಕ್ರದ ಹಲ್ಲು ಕೆಡುತ್ತದೆ. ಲೋಲಕ ನಿಲ್ಲಿಸಿ ಒಂದು ಗಂಟೆ ಕಾಯಬೇಕು. ಇಬ್ಬರೂ ಕಾದರು. ಹುಡುಗಿ ಆ ದೇಶದ ಐದು ನದಿಗಳ ಹೆಸರನ್ನು ಹಾಡಿನಂತೆ ಹೇಳುತ್ತಲೇ ಇದ್ದಳು. ‘ವಸಂತ ಬಂದಾಗ ಮತ್ತೆ ಒಂದು ಗಂಟೆ ಮುಂದೆ’ ಎಂದು ಅತ್ತೆ ನೋಟ್‌ಬುಕ್ಕಿನಲ್ಲಿ ಬರೆಸಿದಳು.

ವಸಂತಕ್ಕೆ ಮೊದಲೇ ತಾಯಿಯ ಫೋನು ಬಂತು. “ಅಕ್ಕಾ, ಇಲ್ಲಿ ಮೆಟ್ಟಿಲಿಲ್ಲದ ಶಾಲೆ ಇದೆ. ಟೀಚರ್ ಫೋನಲ್ಲೇ ಮಾತಾಡಿಸ್ತಾರೆ. ಮುಂದಿನ ಮಂಗಳವಾರ, ಇಲ್ಲಿಯ ಬೆಳಿಗ್ಗೆ ಒಂಬತ್ತು. ಒಂದೇ ಸೀಟು, ತಪ್ಪಿದ್ರೆ ಮುಂದಿನ ಮಗೂಗೆ.”

“ಇಲ್ಲಿ ಅವಳಿಗೆ ಏನು ಕಮ್ಮಿಯಾಗಿದೆ?”

“ಏನೂ ಇಲ್ಲ ಅಕ್ಕಾ. ಆದ್ರೆ ನಾನು ಅವಳ ತಾಯಿ.”

ಮುಳ್ಳು ಮುಂದಿಡಬೇಕಾದ ಭಾನುವಾರ ಬಂತು. ಸ್ಟೂಲು ಗೋಡೆಗೆ ಒರಗಿಕೊಂಡೇ ಇತ್ತು. ಅತ್ತೆ ಕೋಣೆ ಗುಡಿಸಿದಳು, ಒಗೆದ ಬಟ್ಟೆಯನ್ನೇ ಮತ್ತೆ ಒಗೆದಳು, ಸ್ಟೂಲು ಹತ್ತಲಿಲ್ಲ. ಸೋಮವಾರವೂ ಹತ್ತಲಿಲ್ಲ. ಹಾಗೇ ಬಿಟ್ಟರೆ, ಗೋಡೆಯ ಮೇಲೆ ಅಲ್ಲಿಯ ಒಂಬತ್ತು ಬರುವುದು ಇಲ್ಲಿಯ ಒಂದೂವರೆಗೆ. ಫೋನು ಬರುವುದು ನಿಜವಾದ ಒಂಬತ್ತಕ್ಕೆ, ಇಲ್ಲಿಯ ಹನ್ನೆರಡೂವರೆಗೆ. ಆ ಹೊತ್ತಿಗೆ ಫೋನು ಔಷಧಿ ಅಂಗಡಿಯಲ್ಲಿ ಚಾರ್ಜಿಗೆ ಇದ್ದರೆ, ಮುಳ್ಳಕ್ಕನೂ ಒಮ್ಮೆ ಮರೆತಳು ಎಂದಷ್ಟೇ ಆಗುತ್ತಿತ್ತು.

ಮಂಗಳವಾರ ಹನ್ನೆರಡು ಗಂಟೆಗೆ ಅವಳು ಫೋನು ಹಿಡಿದು ಬಾಗಿಲು ದಾಟುತ್ತಿದ್ದಳು.

“ಅತ್ತೆ, ಅಮ್ಮನ ಗಡಿಯಾರ ತಪ್ಪು.”

“ನನ್ನ ಗೋಡೆ ಮೇಲೆ ತಪ್ಪು ಗಡಿಯಾರನಾ?” ಅತ್ತೆ ಹೊಸ್ತಿಲಲ್ಲೇ ನಿಂತಳು.

“ಮೊನ್ನೆ ಭಾನುವಾರ ಮುಂದಿಡ್ಬೇಕಿತ್ತು. ನೀನೇ ಬರೆಸಿದ್ದು, ನೋಡು.” ಹುಡುಗಿ ನೋಟ್‌ಬುಕ್ ಎತ್ತಿ ತೋರಿಸಿದಳು. “ಮರೆತ್ಯಾ? ಹೋಗ್ಲಿ ಬಿಡು. ನಾನಿದ್ದೀನಲ್ಲ.”

ಅತ್ತೆ ಒಳಗೆ ಬಂದು ಸ್ಟೂಲು ಹತ್ತಿದಳು. ಮುಳ್ಳು ತಿರುಗಿಸಿ, ಗೋಡೆಯ ಕಡೆಗೇ ಮುಖವಿಟ್ಟು, “ಮರೀಲಿಲ್ಲ ಕಣೇ” ಎಂದಳು.

ಹುಡುಗಿ ನೋಟ್‌ಬುಕ್ ಮುಚ್ಚಿ ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ, “ಜಡೆ ಹಾಕು ಅತ್ತೆ. ಹೊತ್ತಾಯ್ತು” ಎಂದಳು.

ಹನ್ನೆರಡೂವರೆಗೆ ಸರಿಯಾಗಿ ಫೋನು ಬಂತು. ಅತ್ತೆ ಅಂಗಡಿಯಲ್ಲಿ ಕೂತು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಎದುರಿಗೆ ಯಾವ ವಾಚೂ ಇಲ್ಲದೆ ಬಗ್ಗಿಯೇ ಇದ್ದಳು. ಒಳಗಿನ ಮಾತಿನಲ್ಲಿ ಅವಳಿಗೆ ತಿಳಿದದ್ದು ಎರಡೇ ಪದ. ಅಲ್ಲಿಯ ಒಂಬತ್ತು. ಇಲ್ಲಿಯ ಹನ್ನೆರಡೂವರೆ. ಎರಡೂ ಸರಿಯಾಗಿದ್ದವು.

ತಾಯಿ ಬಂದು ಕರೆದುಕೊಂಡು ಹೋಗುವ ದಿನ ಟಿಕ್ಕು ಇಲ್ಲಿಯ ಗಡಿಯಾರವನ್ನು ಗೋಡೆಯಿಂದ ಇಳಿಸಲು ಹೇಳಿದಳು. “ನೀನು ಏನ್ಮಾಡ್ತಿದ್ದೀಯ ಅಂತ ನಂಗೆ ಗೊತ್ತಾಗ್ಬೇಡ್ವಾ?” ಅತ್ತೆ ಅದನ್ನು ಹಳೇ ಸೀರೆಯಲ್ಲಿ ಸುತ್ತಿ ಕೊಟ್ಟಳು. ಗೋಡೆಯ ಮೇಲೆ ಆ ದೇಶದ್ದೊಂದೇ ಉಳಿಯಿತು.

ಮತ್ತೆ ಎಲೆ ಉದುರುವ ಕಾಲದ ಭಾನುವಾರ, ಪಕ್ಕದ ಹೊಲಿಗೆಯವನು ತನ್ನ ಕತ್ತರಿ ವಾಪಸ್ ಕೇಳಲು ಬಂದವನು ಇಣುಕಿದ. “ಏನಕ್ಕಾ, ನಿಮ್ಮನೆ ಗಡಿಯಾರವೇ ನಿಂತಿದೆಯಲ್ಲ! ಊರಿಗೆಲ್ಲ ಬೈತೀರಿ!”

“ನಾನೇ ನಿಲ್ಲಿಸಿದ್ದು. ಕತ್ತರಿ ತಗೊಂಡು ಹೋಗಪ್ಪ.”

ಅವನು ಹೋದ ಮೇಲೆ ಅವಳು ಸ್ಟೂಲಿನ ಮೇಲೆ ಕೂತು ಕಾದಳು. ನದಿಗಳ ಹೆಸರು ಒಂದೊಂದಾಗಿ ಹೇಳಿಕೊಂಡಳು. ನಾಲ್ಕನೆಯದು ನೆನಪಿಗೆ ಬರಲಿಲ್ಲ. ಮೊದಲಿನಿಂದ ಮತ್ತೆ ಹೇಳಿದಳು, ಅಲ್ಲೇ ನಿಂತಿತು. ಗಂಟೆ ತುಂಬಿದಾಗ ಎದ್ದು ಲೋಲಕವನ್ನು ಮೆಲ್ಲನೆ ತಳ್ಳಿದಳು.