ಉತ್ತರ ಬಾರದ ಹಳ್ಳ

ನಮ್ಮೂರಿನ ಆ ಹಿರಿಯರು ಕಪ್ಪೆಗಳ ಜೊತೆ ಮಾತಾಡುತ್ತಿದ್ದರು ಎಂದು ಊರವರು ಹೇಳುತ್ತಾರೆ. ಸುಳ್ಳು. ಕಪ್ಪೆಯಂತೆ ಕೂಗುತ್ತಿದ್ದರು, ಅಷ್ಟೆ. ಪಂಚಾಯಿತಿಯ ಜೀವವೈವಿಧ್ಯ ದಾಖಲೆಗೆ ನಾನು ಬರೆಯುವವನು, ಅವರು ದಾರಿ ತೋರಿಸುವವರು. ಹಳ್ಳದ ಬದಿಯಲ್ಲಿ ಕೂತು, ಒಮ್ಮೆ ಕೆಮ್ಮಿ, ನಾಲಿಗೆಯಿಂದ ಎರಡು ಸಲ 'ಟಕ್' ಎನ್ನಿಸುವರು. ಮರಗಪ್ಪೆ ಮರುಕೂಗು ಕೊಟ್ಟರೆ, "ಉತ್ತರ ಬಂತಲ್ಲ, ಬರ್ಕೊ ಮಾರಾಯ."

ಸಿರಿಮನೆ ಜಲಪಾತದಾಚೆಯ ಹಳ್ಳದಲ್ಲಿ ಮೂರು ಸಂಜೆ ಕೂಗಿದರೂ ಉತ್ತರ ಬರಲಿಲ್ಲ. ನಾನು 'ಇಲ್ಲ' ಎಂದು ಬರೆಯಹೊರಟೆ. ಹಾಗೆ ಬರೆದರೆ, ನಮ್ಮ ದಾಖಲೆ ನೋಡಿ ವಿದೇಶಿ ತಂಡವೊಂದು ತಯಾರಿಸುತ್ತಿದ್ದ ಸಂರಕ್ಷಣಾ ಪಟ್ಟಿಯಿಂದ ಆ ಹಳ್ಳವೇ ಬಿಟ್ಟುಹೋಗುತ್ತಿತ್ತು. ಹಿರಿಯರು ನನ್ನ ಪೆನ್ನು ಹಿಡಿದು ತಡೆದರು.

"ಇದೆ ಅನ್ನೋಕೆ ಪುರಾವೆ ಎಲ್ಲಿ?" ಎಂದೆ.

"ವಾದ ನೀನೇ ಗೆದ್ದೆ ಮಾರಾಯ. ಆದ್ರೂ ಆ ಸಾಲು ಖಾಲಿ ಬಿಡು."

ಆ ಮಳೆಗಾಲದಲ್ಲೇ ಅವರು ತೀರಿಕೊಂಡರು. ಮರುವರ್ಷ ತಂಡದವರು ಅದೇ ಹಳ್ಳದ ಮರಕ್ಕೆ ರೆಕಾರ್ಡರ್ ಕಟ್ಟಿದರು. ಅದರಲ್ಲಿ ಮರಗಪ್ಪೆಯ ಕೂಗು ಸ್ಪಷ್ಟವಾಗಿದೆ. ಅದಕ್ಕೂ ಮೊದಲು ಒಂದು ಕೆಮ್ಮು, ಎರಡು 'ಟಕ್'. ಯಾರೋ ದಾರಿಹೋಕರಿರಬೇಕು ಎಂದು ನಾನು ವಾದಿಸಬಲ್ಲೆ. ಆದರೆ ಆ ಕೆಮ್ಮನ್ನು ಮೂರು ಸಂಜೆ ಪಕ್ಕದಲ್ಲೇ ಕೂತು ಕೇಳಿದವನೂ ನಾನೇ.

ಖಾಲಿ ಸಾಲಿನಲ್ಲಿ ಕಪ್ಪೆಯ ಹೆಸರು ಬರೆದೆ. ಅದರ ಪಕ್ಕ, ಕೂಗಿ ಉತ್ತರ ಪಡೆದವರು ಎಂಬಲ್ಲಿ ಯಾರ ಹೆಸರು ಬರೆಯಲಿ, ಮಾರಾಯ್ರೆ?