ಮಾಗಡಿ ಕೆರೆ ದಂಡೆಯ ಇಳಿಜಾರು ಸೂರು

ನಮ್ಮ ಕಡೆ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು, ಮೇಲೆ ಸಪಾಟಾಗಿ ಮೆಣಸಿನಕಾಯಿ ಹರವುವಂಥವು. ಆದ್ದರಿಂದ ನಾನು ಮಾಮಾ ಎಂದು ಕರೆಯುತ್ತಿದ್ದ ಅಕ್ಕನ ಗಂಡ ಒಂದು ದಿನ ಬೆಟಗೇರಿಯ ನಮ್ಮ ಮನೆಗೆ ಬಂದು ಕೇಳಿದ್ದು, ಮಗ್ಗ ಮಾಡುವ ಬಡಿಗನಾದ ನನಗೆ ಅರ್ಥವೇ ಆಗಲಿಲ್ಲ.

"ಮಾಗಡಿ ಕೆರಿ ದಂಡಿಗೆ ಒಂದು ಸಣ್ಣ ಮನಿ ಕಟ್ಟಿಕೊಡೋ. ಮ್ಯಾಲೆ ತಗಡು. ಮುಂದ ಎತ್ತರ, ಹಿಂದ ಇಳಿಜಾರ ಇರಬೇಕು."

"ಯಾತಕ್ಕರಿ?"

"ಥಂಡ್ಯಾಗ ಒಳಗ ಕುಂತು ಮೀನಾ ಹಿಡಿತೀನಿ."

ಸೀರೆಯ ದಡಿ, ಅಂದರೆ ಅಂಚು, ನೇಯುವುದರಲ್ಲಿ ಓಣಿಗೇ ಹೆಸರಾದ ಮನುಷ್ಯ ಗಾಳ ಹಿಡಿದು ಕೂರುತ್ತೇನೆ ಎನ್ನುತ್ತಿದ್ದರು. ಸ್ವಾತಂತ್ರ್ಯ ಬಂದು ವರ್ಷ ದಾಟಿತ್ತು. ಸುತ್ತಲಿನ ಸಂಸ್ಥಾನಗಳು ಹೋಗಿದ್ದವು. ನೂಲಿಗೆ ಸರಕಾರದ ಕಂಟ್ರೋಲು ಇತ್ತು. ನೂಲು ಸಿಗದೆ ಅವರ ಮಗ್ಗ ನಿಂತಿದೆ ಎಂದು ಅಕ್ಕ ಎಲ್ಲರ ಮುಂದೆ ಹೇಳುತ್ತಿದ್ದಳು. ಆದರೆ ಅದೇ ಮನೆಯಲ್ಲಿ ಅವಳ ಮಗ್ಗ ಬಡಿಯುತ್ತಲೇ ಇತ್ತು. ಅವಳಿಗೆ ಸಿಗುವ ನೂಲು ಗಂಡನಿಗೆ ಯಾಕೆ ಸಿಗುವುದಿಲ್ಲ? ಕೇಳುವ ಧೈರ್ಯ ನನಗಿರಲಿಲ್ಲ. ಒಬ್ಬರೇ ಕೂರುವಷ್ಟು ಮನೆ ಎಂದಾಗ, ಇವರು ಅಕ್ಕನನ್ನು ಬಿಟ್ಟು ಹೋಗುತ್ತಿದ್ದಾರೋ ಏನೋ ಎಂಬ ಹೆದರಿಕೆಯೂ ಹುಟ್ಟಿತು.

ಮಾಗಡಿಯಲ್ಲಿ ಮಾಮಾನ ಸೋದರಮಾವನ ಹೊಲ ಕೆರೆಗೆ ಹತ್ತಿಕೊಂಡೇ ಇತ್ತು. ಅಲ್ಲಿಗೆ ಹೋಗಿ ಚಕ್ಕಡಿಯಲ್ಲಿದ್ದ ಕಟ್ಟಿಗೆ ಇಳಿಸುವಾಗ ಗುರುತು ಹಿಡಿದೆ. ಅದು ಮಾಮಾನ ಮಗ್ಗದ ಕಟ್ಟಿಗೆ. ಎರಡು ಸಲ ನಾನೇ ದುರಸ್ತಿ ಮಾಡಿದ ಮಗ್ಗ.

"ಮಗ್ಗಾ ಬಿಚ್ಚಿದ್ರ ಅಕ್ಕ ಸುಮ್ಮನಿದ್ಲೇನ್ರಿ?"

"ಅಕಿನ ಬಿಚ್ಚಿಕೊಟ್ಲು" ಎಂದು ಮಾಮಾ ಕೆರೆಯ ಕಡೆ ತಿರುಗಿದರು. ನೀರಿನ ಮೇಲೆ ಚಳಿಗಾಲದ ಬಾತುಗಳು ಗದ್ದಲ ಎಬ್ಬಿಸಿದ್ದವು.

ನಾಲ್ಕು ಕಂಬ ನೆಟ್ಟು, ಮುಂದಿನ ಎರಡನ್ನು ಒಂದೂವರೆ ಮೊಳ ಎತ್ತರ ಇಟ್ಟು, ಹಿಂದೆ ಮುಂದೆ ಎರಡು ತೊಲೆ ಕೂಡಿಸಿದೆ. ಅಲ್ಲಿಯವರೆಗೆ ಸುಸೂತ್ರ. ತಗಡು ಹೊರುವ ಜಂತಿಗಳ ಹೊತ್ತಿಗೆ ತಲೆ ಕೆಟ್ಟಿತು. ಮಗ್ಗದಲ್ಲಿ ಎಲ್ಲವೂ ನೆಟ್ಟಗೆ, ಇಲ್ಲವೇ ಅಡ್ಡ; ಓರೆ ಎಂಬುದೇ ಇಲ್ಲ. ತೊಲೆಯ ಮೇಲೆ ಕೂರಲೆಂದು ಜಂತಿಯಲ್ಲಿ ಮೂಲೆಮಟ್ಟ ಇಟ್ಟು ಚೌಕವಾಗಿ ಕಚ್ಚು ಕೊರೆದೆ. ಜಂತಿ ತೊಲೆಯ ಅಂಚಿಗೆ ಮಾತ್ರ ತಾಗಿ ತೊಟ್ಟಿಲಿನಂತೆ ತೂಗಿತು. ಇನ್ನೊಂದು ಕೊರೆದೆ, ಅದೂ ತೂಗಿತು. ನೆಲದ ಮೇಲೆ ಗೆರೆ ಎಳೆದು ಲೆಕ್ಕ ಹಾಕಿದಷ್ಟೂ ಗೊಂದಲ ಹೆಚ್ಚಾಯಿತು.

"ಲೆಕ್ಕಾ ಯಾಕ ಹಾಕ್ತೀ? ಜಂತೀನ ತೊಲಿ ಬಾಜೂಕ ಹಚ್ಚಿ ಹಿಡಿ. ಎಲ್ಲಿ ಕೊರೀಬೇಕು ಅಂತ ತೊಲಿನ ಹೇಳತೈತಿ" ಎಂದರು ಮಾಮಾ, ಎರಡನ್ನೂ ಕೈಯಿಂದ ಸವರುತ್ತ.

ಹಾಗೆಯೇ ಎರಡೂ ತೊಲೆಗಳ ಪಕ್ಕಕ್ಕೆ ಜಂತಿ ಹಿಡಿದು, ತೊಲೆಯ ಅಂಚಿನ ಗುಂಟ ಸೀಮೆಸುಣ್ಣದಿಂದ ಗೆರೆ ಎಳೆದೆ. ಕಚ್ಚು ಓರೆಯಾಗಿ ಬಂತು, ಜಂತಿ ಅಲುಗದೆ ಕುಳಿತುಬಿಟ್ಟಿತು. ಅದನ್ನೇ ಮಾದರಿ ಮಾಡಿ ಉಳಿದವಕ್ಕೆ ಗೆರೆ ಹಾಕಿ, ಗರಗಸ ಹಿಡಿದೆ.

"ಗೆರಿಗೆ ಹೆಬ್ಬಟ್ಟು ಹಚ್ಚಿ ಒತ್ತಿ ಹಿಡೀರಿ, ಮಾಮಾ, ಗರಗಸಾ ಸರೀಬಾರದು."

ಅವರು ನಾಲ್ಕು ಬೆರಳು ಆಚೆ ಹಿಡಿದರು.

"ಗೆರಿಗೆ ಹಚ್ಚಿ ಅಂದ್ನಲ್ಲರಿ!" ಎಂದು ರೇಗಿದೆ.

ಅವರ ಹೆಬ್ಬೆರಳು ಕಟ್ಟಿಗೆಯ ಮೇಲೆ ನಿಧಾನವಾಗಿ ಹರಿದಾಡಿತು. ಬಿಳಿ ಗೆರೆಯನ್ನು ದಾಟಿತು, ಮತ್ತೆ ಹಿಂದೆ ಬಂದು ದಾಟಿತು, ಎಲ್ಲಿಯೂ ನಿಲ್ಲಲಿಲ್ಲ. ನನ್ನ ಕೈಯ ಗರಗಸ ತಾನಾಗಿ ಕೆಳಗಿಳಿಯಿತು. ಕೂದಲೆಳೆಯಂಥ ನೂಲು ಎಣಿಸುತ್ತಿದ್ದವರಿಗೆ ಸೀಮೆಸುಣ್ಣದ ದಪ್ಪ ಗೆರೆ ಕಾಣುತ್ತಿರಲಿಲ್ಲ.

ಸೀಮೆಸುಣ್ಣ ಬಿಟ್ಟು, ಉಳಿಯಿಂದ ಗೆರೆಯನ್ನೇ ಕೊರೆದೆ. ಮಾಮಾನ ಹೆಬ್ಬೆರಳು ಅದನ್ನು ಹುಡುಕಿ, ಅದರ ಅಂಚಿಗೆ ಗಟ್ಟಿಯಾಗಿ ನಿಂತಿತು.

"ಹಾಂ, ಈಗ ಕೊರಿ" ಎಂದರು. ಸಂಜೆಯೊಳಗೆ ತಗಡು ಹೊಡೆದು ಮುಗಿಸಿದೆವು.

ಬೆಟಗೇರಿಗೆ ಬಂದವನೇ ಮಾಮಾನ ಕಣ್ಣಿನ ಬಗ್ಗೆ ಅಕ್ಕನನ್ನು ಕೇಳಿದೆ. ಅವಳು ಲಾಳಿ ನಿಲ್ಲಿಸಲಿಲ್ಲ.

"ಎರಡ ವರ್ಷದ ಮ್ಯಾಲಾತು. ಅವರ ಎಳಿ ತಪ್ಪಿದ್ದನ್ನ ನಾನು ಹಿಂದಿಂದ ಬಿಚ್ಚಿ ನೇಯ್ತಿದ್ದೆ. ಓಣ್ಯಾಗ ಮಂದಿ ನಗಬಾರದು ಅಂತ ನೂಲಿನ ಮಾತು ಹುಟ್ಟಿಸಿದೆ."

"ಮಾಮಾಗ ಗೊತ್ತೈತೇನು, ನಿನಗ ಗೊತ್ತಿರೂದು?"

"ಕೇಳಿಲ್ಲ" ಎಂದಳು. "ಗಾಳಕ್ಕ ಕಣ್ಣು ಬೇಕಿಲ್ಲ, ಬೆರಳಿದ್ರ ಸಾಕು ಅಂತ ಒಂದಿನಾ ಅವರ ಅಂದ್ರು. ಸುಮ್ಮನ ಹೂಂ ಅಂದೆ."

ಮಾಮಾ ಆ ಸೂರಿನ ಕೆಳಗೆ ಐದು ಚಳಿಗಾಲ ಕುಳಿತರು. ಸಂತೆಯ ದಿನ ಅವರ ಸೋದರಮಾವನ ಮನೆಯವರೇ ಮೀನು ಒಯ್ದು ಮಾರುತ್ತಿದ್ದರು. ಅಕ್ಕ ತಿಂಗಳಿಗೊಮ್ಮೆ ಬುತ್ತಿ ಕಟ್ಟಿಕೊಂಡು ಹೋಗಿ ಎರಡು ದಿನ ಇದ್ದು ಬರುತ್ತಿದ್ದಳು. ಅಲ್ಲಿ ಅವರಿಬ್ಬರೂ ಒಬ್ಬರಿಗೊಬ್ಬರು ಏನು ಹೇಳಿಕೊಂಡರೋ, ಏನು ಮುಚ್ಚಿಟ್ಟರೋ, ನನಗೆ ಇಂದಿಗೂ ಗೊತ್ತಿಲ್ಲ.