ಏಳಕ್ಷರದ ಚೀಟಿ

ದಾಖಲೆ ಕೋಣೆಯಲ್ಲಿ ಅವಳನ್ನು ಎಲ್ಲರೂ ಅಂಟಮ್ಮ ಎಂದೇ ಕರೆಯುತ್ತಿದ್ದರು. ಹಳೆಯ ರಿಜಿಸ್ಟರುಗಳ ಹರಿದ ಪುಟಗಳನ್ನು ತೆಳುಕಾಗದ ಹಚ್ಚಿ ಕೂಡಿಸುವುದು ಅವಳ ಕೆಲಸ. ಅಂಟು ಕಾಯಿಸುವವಳೂ ಅವಳೇ. ಮೈದಾ ಕದಡಿ, ಸಣ್ಣ ಉರಿಯಲ್ಲಿಟ್ಟು, ಗಂಟು ಕಟ್ಟದಂತೆ ಕೈ ಬಿಡದೆ ತಿರುವಿ, ಬಟ್ಟೆಯಲ್ಲಿ ಸೋಸುವಳು. ಹದ ತಪ್ಪಿತೋ, ಚೆಲ್ಲಿ ಮತ್ತೆ ಒಲೆಗಿಡುವಳು. ಎದುರು ಮೇಜಿನಲ್ಲಿ ಪುಸ್ತಕ ಹೊಲಿಯುವವನಿಗೆ ದಬ್ಬಳ ಎಂದು ಹೆಸರು ಬಿದ್ದಿತ್ತು. ಆಳು ಆ ದಪ್ಪ ಸೂಜಿಯ ಹಾಗೇ ಉದ್ದಕ್ಕೆ ಇದ್ದ, ನಾಲಗೆಯೂ ಹಾಗೇ ಚುಚ್ಚುತ್ತಿತ್ತು.

ಹೊಸದಾಗಿ ಬಂದ ಮೇಡಂ ಒಂದು ನಿಯಮ ತಂದರು. ಕೈಗೆ ಬಂದ ರಿಜಿಸ್ಟರಿನ ಒಂದು ಪುಟದ ಮೂಲೆಯನ್ನು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಮಡಚಿ ನೋಡಬೇಕು. ತಡೆದುಕೊಂಡರೆ ಅಂಟು ಹಾಕಬಹುದು. ಉದುರಿದರೆ ಮುಗಿಯಿತು, ಆಮೇಲೆ ತೆರೆಯುವಂತಿಲ್ಲ, ತೇವ ತಾಗಿಸುವಂತಿಲ್ಲ. ಪೆಟ್ಟಿಗೆಯಲ್ಲಿಟ್ಟು, ಇಂಗ್ಲಿಷ್ ಚೀಟಿ ಹಚ್ಚಿ, ದೊಡ್ಡ ಕಚೇರಿಗೆ ಕಳಿಸಬೇಕು.

“ಫ್ರಯಬಲ್,” ಎಂದು ಮೇಡಂ ಮಾದರಿ ಚೀಟಿ ತೋರಿಸಿದರು.

“ಹರಿದಿದೆ ಅಂತಾನಾ ತಾಯಿ?”

“ಅಲ್ಲಮ್ಮ, ಹರಿಯೋದು ಬೇರೆ. ಇದು ಮುಟ್ಟಿದ್ರೆ ಪುಡಿಪುಡಿ ಆಗೋದು. ತುಂಬ ಜನಕ್ಕೆ ಗೊತ್ತಿಲ್ಲ ಈ ಪದ. ನಾನೂ ಕೆಲಸಕ್ಕೆ ಸೇರಿದ ಮೇಲೇ ಕಲಿತಿದ್ದು.”

“ನನ್ನ ಮಂಡಿಗೂ ಒಂದು ಚೀಟಿ ಹಚ್ಚಿಬಿಡು ಅಂಟಮ್ಮ,” ಎಂದ ದಬ್ಬಳ.

“ಮಂಡಿಗ್ಯಾಕೆ, ನಿನ್ನ ಮಾತಿಗೇ ಹಚ್ತೀನಿ. ಬೆಳಗ್ಗೆ ಕೊಟ್ಟಿದ್ದು ಮಧ್ಯಾಹ್ನಕ್ಕೆ ಪುಡಿ!”

ಮೇಡಂ ಕೂಡ ನಕ್ಕುಬಿಟ್ಟರು.

ಅಂಟಮ್ಮ ತನ್ನ ಭಾಷೆಯನ್ನೇ ಅಕ್ಷರ ಕೂಡಿಸಿ ಕೂಡಿಸಿ ಓದುವವಳು. ಅದೂ ಗಂಡ ತೀರಿಕೊಂಡ ಮೇಲೆ ಮಗಳ ಹತ್ತಿರ ಕಲಿತದ್ದು. ಈಗ ಇಂಗ್ಲಿಷಿನ ಏಳಕ್ಷರವನ್ನು ಹಳೆಯ ರಟ್ಟಿನ ಮೇಲೆ ನಾಲ್ಕು ದಿನ ತಿದ್ದಿದಳು. ಮೊದಲನೆಯದು ಕೊಡೆಯ ಹಿಡಿಕೆಯಂತೆ, ಕಡೆಯದು ಅರ್ಧ ಬಿಚ್ಚಿದ ದಾರದ ಸುರುಳಿಯಂತೆ. ಐದನೆಯ ದಿನ ಯಾರನ್ನೂ ಕೇಳದೆ ಬರೆದಳು.

ಕೆಲವು ವಾರಗಳ ಮೇಲೆ ಜನನ ರಿಜಿಸ್ಟರೊಂದು ಅವಳ ಮೇಜಿಗೆ ಬಂತು. ಅದರ ಬೆನ್ನಿನ ಮೇಲೆ ಮಗಳು ಹುಟ್ಟಿದ ವರ್ಷ ನೋಡಿದ್ದೇ ಅವಳ ಕೈ ನಿಂತಿತು.

ಅವಳ ಗಂಡ ಇದೇ ಕಚೇರಿಯಲ್ಲಿ ಹುಟ್ಟು ಬರೆಯುವ ಗುಮಾಸ್ತರಾಗಿದ್ದವರು. ಒಂದು ದಿನವೂ ಹೆಂಡತಿಯನ್ನು ಬಿಟ್ಟಿರದವರು ಕಾಗದ ಯಾಕೆ ಬರೆದಾರು? ಮನೆಯಲ್ಲಿ ಅವರ ಕೈಬರಹದ ಒಂದು ಸಾಲೂ ಇರಲಿಲ್ಲ. ಬಾಯಲ್ಲಿ ಅವಳ ಹೆಸರೂ ಬಂದದ್ದಿಲ್ಲ. ಮೂವತ್ತು ವರ್ಷ ‘ಇವಳೇ’, ‘ಕೇಳಿಸ್ತೇನೇ’ ಎಂಬುದರಲ್ಲೇ ಸಂಸಾರ ಸಾಗಿತ್ತು. ಮಗಳು ಹುಟ್ಟಿದ ವಾರ ಮಾತ್ರ ಒಂದು ಸಂಜೆ ಅಂಗಿಯ ಗುಂಡಿ ಬಿಚ್ಚುತ್ತ, “ಇವತ್ತು ನಿನ್ನ ಹೆಸರು ಬರೆದೆ ಕಣೇ, ತಾಯಿ ಅನ್ನೋ ಕಾಲಂನಲ್ಲಿ. ಚೆನ್ನಾಗಿ ಬಂತು,” ಎಂದಿದ್ದರು. ಓದು ಬಾರದವಳು ನೋಡಿ ಏನು ಮಾಡಲಿ ಎಂದು ಅವಳು ಆಗ ನೋಡಲು ಹೋಗಿರಲಿಲ್ಲ. ಈಗ ಓದಬಲ್ಲಳು. ಮಗಳು ಹುಟ್ಟಿದ್ದು ವರ್ಷದ ನಡುವೆ, ಆ ಪುಟವೂ ರಿಜಿಸ್ಟರಿನ ನಡುವೆ ಎಲ್ಲೋ ಇತ್ತು.

ರಟ್ಟನ್ನು ಮೆಲ್ಲಗೆ ಎತ್ತಿದಳು. ಮೊದಲ ಪುಟದಲ್ಲಿ ಗಂಡನದೇ ಬರಹ, ಬಲಕ್ಕೆ ವಾಲಿದ್ದು. ಯಾರದೋ ಮಗು, ಯಾರೋ ತಾಯಿ. ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು ಬಾಗಿಸಿದಳು. ಅರ್ಧ ಬಾಗುವ ಮೊದಲೇ ಅದು ತೌಡಿನಂತೆ ಮೇಜಿನ ಮೇಲೆ ಉದುರಿತು.

ದಬ್ಬಳ ಸೂಜಿ ಕೆಳಗಿಟ್ಟ. ಅವನಿಗೆ ವಿಷಯ ಗೊತ್ತಿತ್ತು. “ಹರಿದಿದೆ ಅಂತ ಬರೆದ್ಬಿಡು. ಮೇಜಿನ ಮೇಲೆ ಇಟ್ಕೊಂಡು ನಿಧಾನಕ್ಕೆ ಹುಡುಕು. ಯಾರ್ ಬಂದು ಕೇಳ್ತಾರೆ ನಿನ್ನ?”

“ನಡು ತನಕ ಹೋಗೋಕೆ ಎಷ್ಟು ಹಾಳೆ ಮಗುಚಬೇಕು ಹೇಳು?”

“ಇನ್ನೂರು?”

“ಇನ್ನೂರೂ ಹೀಗೇ ಉದುರತ್ವೆ ಕಣೋ. ಅದ್ರಲ್ಲಿ ಇರೋರೆಲ್ಲ ಯಾರೋ ಒಬ್ಬರ ಮನೆಯವರೇ ಅಲ್ವಾ?”

“ನಿನ್ನದೂ ಒಂದಿದೆಯಲ್ಲ!”

ಅವಳು ಅಂಗೈಯನ್ನು ಪುಟದಿಂದ ಬೆರಳೆರಡರಷ್ಟು ಮೇಲೆ ಹಿಡಿದು, ಬಿಸಿ ನೋಡುವವಳಂತೆ ಸ್ವಲ್ಪ ಹೊತ್ತು ಕೂತಳು. ಹಾಳೆ ಮುಟ್ಟಲಿಲ್ಲ. ಆಮೇಲೆ ರಟ್ಟು ಮುಚ್ಚಿ, ಉದುರಿದ್ದನ್ನು ಕುಂಚದಿಂದ ಒಟ್ಟುಮಾಡಿ ಕವರಿಗೆ ಹಾಕಿದಳು. ಉಗುರಿನ ಸಂದಿಯಲ್ಲಿ ಸಿಕ್ಕಿದ್ದ ಕಣವನ್ನೂ ಅದರೊಳಗೇ ಕೊಡವಿದಳು. ಏಳಕ್ಷರ ಬರೆಯಲು ಎಂದಿಗಿಂತ ಹೆಚ್ಚು ಹೊತ್ತು ಹಿಡಿಯಿತು.

ಮೇಡಂ ಚೀಟಿ ನೋಡಿ, “ಸರಿಯಾಗಿದೆಯಮ್ಮ,” ಎಂದರು.

“ಅಲ್ಲಿ ಇದನ್ನ ಬಿಚ್ಚಿ ಫೋಟೋ ಹಿಡೀತಾರಾ ತಾಯಿ?”

“ದಾರಿ ಸಿಕ್ಕಿದ್ರೆ ಹಿಡೀತಾರೆ. ಯಾವಾಗ ಅಂತ ನನಗೂ ಗೊತ್ತಿಲ್ಲಮ್ಮ.”

ಮೂರು ಗಂಟೆಗೆ ವ್ಯಾನು ಬಂತು. ಚಾಲಕ ಪೆಟ್ಟಿಗೆಯನ್ನು ಹೆಗಲಿಗೇರಿಸಲು ಹೋದ. ಅಂಟಮ್ಮ ಅಡ್ಡ ಬಂದಳು.

“ಹೆಗಲ ಮೇಲೆ ಬೇಡಪ್ಪ. ಎದೆಗೆ ಅವಚ್ಕೊ. ಮಲಗಿಸಿದ ಹಾಗೇ ಇರಲಿ.”

“ಏನಮ್ಮಾ, ಒಳಗೆ ಗಾಜಿದೆಯಾ?”

“ಗಾಜಲ್ಲ. ನನ್ನ ಹೆಸರಿದೆ.”

ಅವನು ಚೀಟಿಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. ಏನೂ ತಿಳಿಯದಿದ್ದರೂ ಪೆಟ್ಟಿಗೆಯನ್ನು ಹೇಳಿದ ಹಾಗೆಯೇ ಎತ್ತಿಕೊಂಡು ಇಳಿದ. ಅಂಟಮ್ಮ ಅವನ ಹಿಂದೆಯೇ ಮೆಟ್ಟಿಲಿಳಿದು, ವ್ಯಾನಿನ ಬಾಗಿಲು ಹಾಕುವ ತನಕ ನಿಂತಿದ್ದಳು. ಗೇಟಿನ ಹತ್ತಿರದ ಉಬ್ಬನ್ನು ಅವನು ನಿಧಾನಕ್ಕೆ ದಾಟಿಸುತ್ತಾನೋ ಇಲ್ಲವೋ ಎಂದು ನೋಡುತ್ತ ಆಮೇಲೂ ನಿಂತಳು.